ಫಾರ್ಮ್ಯಾಟ್ ಮಾಡಿಸುವ ಮೊದಲು



ಕೆ.ಆರ್. ಪುರದ ಓದುಗ ಸಹೋದರಿಯೊಬ್ಬರ ಪ್ರಶ್ನೆ ಹೀಗಿದೆ: “ನಮ್ಮ ಮನೆಯ ಲ್ಯಾಪ್‌ಟಾಪ್ ಆನ್ ಮಾಡಿದರೆ ತೆರೆದುಕೊಳ್ಳಲು ಹತ್ತು ನಿಮಿಷ ಬೇಕು. ಅಂಗಡಿಯವರಿಗೆ ತೋರಿಸಿದೆವು. ‘ವೈರಸ್ ತುಂಬಿದೆ ಭಾಬಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಬೇಕು, ಬಿಟ್ಟು ಹೋಗಿ, ನಾಳೆ ಬನ್ನಿ’ ಎಂದರು. ಅದರಲ್ಲಿ ಮಗಳ ನಿಕಾಹ್‌ನ ಫೋಟೋಗಳಿವೆ, ಯಜಮಾನರ ಅಂಗಡಿಯ ಟ್ಯಾಲಿ ಲೆಕ್ಕವಿದೆ, ತೀರಿಕೊಂಡ ನಮ್ಮ ಅತ್ತೆಯವರು ಮಾತನಾಡಿರುವ ಒಂದು ವೀಡಿಯೋ ಇದೆ. ಕೊಡಬಹುದೇ?”

ಈಗಲೇ ಕೊಡಬೇಡಿ. ಫಾರ್ಮ್ಯಾಟ್ ಮಾಡಿಸುವುದು ತಪ್ಪಲ್ಲ, ಕೆಲವೊಮ್ಮೆ ಅದೇ ಸರಿಯಾದ ಚಿಕಿತ್ಸೆ. ಆದರೆ ಅದಕ್ಕೆ ಮೊದಲು ಮನೆಯಲ್ಲಿ ಕುಳಿತು ಮಾಡಬೇಕಾದ ಕೆಲಸವೊಂದಿದೆ. ಅದನ್ನು ಅಂಗಡಿಯವರು ನಿಮ್ಮ ಪರವಾಗಿ ಮಾಡಲಾರರು. ಯಾವ ಫೋಲ್ಡರಿನಲ್ಲಿ ಅತ್ತೆಯವರ ಧ್ವನಿ ಇದೆಯೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಕಂಪ್ಯೂಟರಿನ ಡಿಸ್ಕಿನಲ್ಲಿ ಎರಡು ಬಗೆಯ ಸಾಮಾನು ಇರುತ್ತದೆ. ವಿಂಡೋಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ಮೇಲೆ ನಡೆಯುವ ವರ್ಡ್, ಕ್ರೋಮ್, ಟ್ಯಾಲಿ ಮುಂತಾದ ತಂತ್ರಾಂಶಗಳು ಒಂದು ಬಗೆ. ಇವು ಕೆಟ್ಟರೆ ಮತ್ತೆ ತರಬಹುದು. ಲೋಕದಲ್ಲಿ ಇವುಗಳ ಕೋಟಿಗಟ್ಟಲೆ ಪ್ರತಿಗಳಿವೆ. ನೀವು ತೆಗೆದ ಫೋಟೋ, ಬರೆದ ಪತ್ರ, ಕೂಡಿಸಿದ ಲೆಕ್ಕ ಇನ್ನೊಂದು ಬಗೆ. ಇದು ಲೋಕದಲ್ಲೆಲ್ಲ ಇರುವುದು ಒಂದೇ, ಅದೂ ನಿಮ್ಮ ಮೇಜಿನ ಮೇಲೆ. ಮದ್ರಸಾದಲ್ಲಿ ಸರ್ಫ್ ಓದಿದ ಸಹೋದರಿಯರಿಗೆ ಇದು ಬೇಗ ತಿಳಿಯುತ್ತದೆ: ಶಬ್ದದಲ್ಲಿ ಮೂಲಾಕ್ಷರ ಯಾವುದು, ಸೇರಿಕೊಂಡದ್ದು ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳುತ್ತೇವೆ, ಉಳಿದ ಕೆಲಸ ಆಮೇಲೆ. ಇಲ್ಲಿಯೂ ಅಷ್ಟೇ. ಎರಡೂ ಬಗೆ ಕಲಸಿಕೊಂಡಿದ್ದರೆ ಫಾರ್ಮ್ಯಾಟ್ ಎಂದರೆ ಆಪತ್ತು. ಬೇರೆ ಬೇರೆ ಇದ್ದರೆ ಅದು ಈದ್‌ಗೆ ಮೊದಲು ಸಾಮಾನೆಲ್ಲ ಪಕ್ಕದ ಕೋಣೆಗೆ ಸಾಗಿಸಿ ಗೋಡೆಗೆ ಸುಣ್ಣ ಬಳಿದಂತೆ. ಒಂದು ದಿನದ ಕೆಲಸ, ಯಾರೂ ಅಳುವುದಿಲ್ಲ.

ವೈಟ್‌ಫೀಲ್ಡ್ ಕಡೆಯ ಕಂಪೆನಿಗಳಲ್ಲಿ ಕೆಲಸ ಮಾಡುವ ತಮ್ಮನೋ ಮಗನೋ ಇದ್ದರೆ ಕೇಳಿ ನೋಡಿ. ಅಲ್ಲಿ ಒಬ್ಬರು ಕೆಲಸ ಬಿಟ್ಟು ಲ್ಯಾಪ್‌ಟಾಪ್ ಹಿಂದಿರುಗಿಸಿದರೆ ಅದನ್ನು ಪೂರ್ತಿ ಅಳಿಸಿ, ಮೊದಲೇ ಸಿದ್ಧಪಡಿಸಿಟ್ಟ ಸ್ವಚ್ಛ ವಿಂಡೋಸನ್ನು ತುಂಬಿ ಮುಂದಿನವರ ಕೈಗೆ ಕೊಡುತ್ತಾರೆ. ಯಾರಿಗೂ ಗಾಬರಿಯಿಲ್ಲ. ಕಂಪೆನಿಯ ಕಾಗದಪತ್ರ ಆ ಲ್ಯಾಪ್‌ಟಾಪಿನೊಳಗೆ ಮಾತ್ರ ಉಳಿಯದಂತೆ ಮೊದಲೇ ನೋಡಿಕೊಂಡಿರುತ್ತಾರೆ. ಅದೇ ಊರಿನ, ಅದೇ ಮೆಟ್ರೋ ಮಾರ್ಗದ ಮನೆಗಳಲ್ಲಿ ಹದಿನೈದು ವರ್ಷದ ಫೋಟೋಗಳು ಡೆಸ್ಕ್‌ಟಾಪ್ ಮೇಲೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’ ಎಂದು ಬಿದ್ದಿರುತ್ತವೆ.

ಆ ಡೆಸ್ಕ್‌ಟಾಪಿನಿಂದಲೇ ಆರಂಭಿಸೋಣ. ಪರದೆಯ ಮೇಲೆ ಕಾಣುವ ಫೈಲು ಎಲ್ಲೋ ಸುರಕ್ಷಿತ ಜಾಗದಲ್ಲಿದೆ ಎಂದು ಅನೇಕರು ತಿಳಿದಿದ್ದಾರೆ. ಅದು ಇರುವುದು ಸಿ ಡ್ರೈವ್‌ನಲ್ಲಿ, ‘ಯೂಸರ್ಸ್’ ಎಂಬ ಫೋಲ್ಡರಿನಲ್ಲಿ, ನಿಮ್ಮ ಹೆಸರಿನ ಒಳಗೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಕೂಡ ಅಲ್ಲಿಯೇ. ವಿಂಡೋಸ್ ಇರುವುದೂ ಸಿ ಡ್ರೈವ್‌ನಲ್ಲಿಯೇ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಇವೆಲ್ಲ ಒಟ್ಟಿಗೆ ಹೋಗುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಡಿ ಡ್ರೈವ್ ಇದ್ದರೆ ಈ ಫೋಲ್ಡರುಗಳನ್ನೇ ಅಲ್ಲಿಗೆ ಸಾಗಿಸಬಹುದು. ಡಿ ಡ್ರೈವ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿಕೊಳ್ಳಿ. ಆಮೇಲೆ ಡಾಕ್ಯುಮೆಂಟ್ಸ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ‘ಲೊಕೇಶನ್’ ಎಂಬಲ್ಲಿ ‘ಮೂವ್’ ಒತ್ತಿ ಆ ಹೊಸ ಫೋಲ್ಡರನ್ನು ತೋರಿಸಿದರೆ ಆಯಿತು. ಅಲ್ಲಿಂದ ಮುಂದೆ ಮಕ್ಕಳು ಎಂದಿನಂತೆ ಡಾಕ್ಯುಮೆಂಟ್ಸ್‌ನಲ್ಲಿ ಉಳಿಸಿದರೂ ಅದು ಡಿ ಡ್ರೈವ್‌ಗೆ ಹೋಗುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಇವು ಒನ್‌ಡ್ರೈವ್ ಎಂಬ ಮೈಕ್ರೋಸಾಫ್ಟಿನ ಅಂತರಜಾಲ ಸಂಗ್ರಹಕ್ಕೆ ಜೋಡಣೆಯಾಗಿರುವುದುಂಟು. ಅಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಒಂದು ಮದುವೆಯ ವೀಡಿಯೋ ಸಾಕು, ಅದು ತುಂಬಿ ನಿಂತುಬಿಡುತ್ತದೆ, ಆಮೇಲಿನದು ಮೇಲೆ ಹೋಗಿರುವುದಿಲ್ಲ. ಗೂಗಲ್ ಫೋಟೋಸ್ ಕೂಡ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿತು. ಅಂತರಜಾಲದಲ್ಲಿ ಎಲ್ಲವೂ ಇದೆ ಎಂದು ಭಾವಿಸದೆ ಒಮ್ಮೆ ತೆರೆದು ನೋಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸಿ ಮತ್ತು ಡಿ ಎಂಬುದು ಎರಡು ಡಿಸ್ಕುಗಳಲ್ಲ. ಬಹುತೇಕ ಮನೆಗಳಲ್ಲಿ ಒಂದೇ ಡಿಸ್ಕಿನ ನಡುವೆ ಎಳೆದ ಗೆರೆ ಅಷ್ಟೇ. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ, ನಿಜ. ಆದರೆ ಡಿಸ್ಕೇ ಸತ್ತರೆ ಎರಡೂ ಸಾಯುತ್ತವೆ. ಅವಸರದ ಹುಡುಗನೊಬ್ಬ ವಿಂಡೋಸ್ ಹಾಕುವಾಗ ಗೆರೆಗಳನ್ನೆಲ್ಲ ಅಳಿಸಿ ಒಂದೇ ಮಾಡಿದರೂ ಎರಡೂ ಹೋಗುತ್ತವೆ. ಆದ್ದರಿಂದ ಹೊರಗಿನ ಡಿಸ್ಕ್ ಒಂದು ಬೇಕೇ ಬೇಕು. ಅದರಲ್ಲಿ ಪ್ರತಿ ಮಾಡಿಕೊಂಡು, ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕು ಫೋಟೋ, ಒಂದು ವೀಡಿಯೋ ತೆರೆದು ನೋಡಿ. ತೆರೆದರೆ ಮಾತ್ರ ಅದು ಪ್ರತಿ. ಸಾಧ್ಯವಾದರೆ ಇಂಥ ಇನ್ನೊಂದು ಡಿಸ್ಕನ್ನು ತವರು ಮನೆಯಲ್ಲಿಡಿ. ಹಲಸೂರಿನ ನಿಮ್ಮ ಮನೆಗೆ ಮಳೆನೀರು ನುಗ್ಗಿದರೆ ಶಿವಾಜಿನಗರದ ಅಮ್ಮಿಯ ಬೀರುವಿನಲ್ಲಿ ಒಂದು ಪ್ರತಿ ಉಳಿದಿರುತ್ತದೆ.

ಫೋಟೋಗಳನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮರೆತುಹೋಗುವುದು ಬೇರೆ ವಸ್ತುಗಳು. ನಮ್ಮ ಕಂಟೋನ್ಮೆಂಟ್ ಕಡೆಯ ಮನೆಗಳಲ್ಲಿ ಮೂರನ್ನು ವಿಶೇಷವಾಗಿ ಹುಡುಕಬೇಕು.

ಮೊದಲನೆಯದು ಟ್ಯಾಲಿ. ಇದು ನಮ್ಮ ಬೆಂಗಳೂರಿನದೇ ಕಂಪೆನಿ, 1986ರಲ್ಲಿ ಆರಂಭವಾದದ್ದು. ರಸೆಲ್ ಮಾರ್ಕೆಟ್, ಕಮರ್ಷಿಯಲ್ ಸ್ಟ್ರೀಟ್ ಸುತ್ತಿನ ಎಷ್ಟೋ ಅಂಗಡಿಗಳ ಲೆಕ್ಕವನ್ನು ರಾತ್ರಿ ಮನೆಯಲ್ಲಿ ಕುಳಿತು ಬರೆಯುವವರು ಹೆಂಗಸರೇ. ಆ ಲೆಕ್ಕ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಸಿ ಡ್ರೈವ್‌ನ ‘ಯೂಸರ್ಸ್’ ಒಳಗೆ ‘ಪಬ್ಲಿಕ್’ ಎಂಬ ಫೋಲ್ಡರಿನಲ್ಲಿ, ಟ್ಯಾಲಿಯ ಹೆಸರಿನ ಕೆಳಗೆ ‘ಡೇಟಾ’ ಎಂದಿರುತ್ತದೆ. ಅದರೊಳಗೆ 10000, 100000 ಎಂಬಂಥ ಬರೀ ಅಂಕಿಯ ಹೆಸರುಗಳು ಕಂಡರೆ ಏನೋ ಕಸವೆಂದು ಬಿಡಬೇಡಿ. ಆ ಒಂದೊಂದು ಅಂಕಿಯೂ ಒಂದೊಂದು ವ್ಯವಹಾರದ ಲೆಕ್ಕಪುಸ್ತಕ. ಟ್ಯಾಲಿಯೊಳಗಿನ ‘ಬ್ಯಾಕಪ್’ ಬಳಸಿ ಹೊರಗಿನ ಡಿಸ್ಕಿಗೆ ತೆಗೆದಿಡುವುದು ಇನ್ನೂ ಒಳ್ಳೆಯದು. ಪರವಾನಗಿ ಪಡೆದ ಟ್ಯಾಲಿಯಾದರೆ ಫಾರ್ಮ್ಯಾಟ್‌ಗೆ ಮೊದಲು ಅದರೊಳಗೇ ‘ಲೈಸೆನ್ಸ್ ಸರೆಂಡರ್’ ಮಾಡಿ, ಹೊಸ ವಿಂಡೋಸ್ ಬಂದ ಮೇಲೆ ಮತ್ತೆ ಚಾಲನೆಗೊಳಿಸಿಕೊಳ್ಳಿ.

ಎರಡನೆಯದು ಕನ್ನಡ ಅಕ್ಷರಗಳು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ, ಅಥವಾ 1998ರಲ್ಲಿ ಬಂದ ‘ಬರಹ’ದಲ್ಲಿ ಹಿಂದೆ ಟೈಪ್ ಮಾಡಿದ ಅರ್ಜಿ, ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆಗಳು ಅನೇಕರಲ್ಲಿವೆ. ಹಳೆಯ ಪದ್ಧತಿಯಲ್ಲಿ ಕಂಪ್ಯೂಟರು ಒಳಗೊಳಗೆ ಇಂಗ್ಲಿಷ್ ಅಕ್ಷರಗಳನ್ನೇ ಬರೆದಿಟ್ಟು, ಅದರ ಮೇಲೆ ಕನ್ನಡದ ಮುಖವಾಡವನ್ನು, ಅಂದರೆ ಫಾಂಟನ್ನು, ತೊಡಿಸುತ್ತಿತ್ತು. ಫಾರ್ಮ್ಯಾಟ್ ಮಾಡಿದಾಗ ಆ ಫಾಂಟ್ ಹೋಗುತ್ತದೆ. ಫೈಲನ್ನು ಜೋಪಾನವಾಗಿ ಉಳಿಸಿಕೊಂಡವರೂ ತೆರೆದಾಗ ತಲೆಬುಡವಿಲ್ಲದ ಅಕ್ಷರ ಕಂಡು ಎಲ್ಲ ಹಾಳಾಯಿತೆಂದು ಅಳಿಸಿಬಿಡುತ್ತಾರೆ. ಅಳಿಸಬೇಡಿ, ಏನೂ ಹಾಳಾಗಿಲ್ಲ. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಹಿಂದಿರುಗುತ್ತದೆ. ಆದ್ದರಿಂದ ನುಡಿ, ಬರಹದ ಫಾಂಟುಗಳನ್ನು ಫೈಲುಗಳ ಜೊತೆಗೇ ಪ್ರತಿ ಮಾಡಿಡಿ. ಇನ್ನು ಮುಂದೆ ಬರೆಯುವುದನ್ನು ಯೂನಿಕೋಡ್‌ನಲ್ಲಿ ಬರೆಯಿರಿ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೂ ಯೂನಿಕೋಡ್ ಕನ್ನಡಕ್ಕೆ ವಿಂಡೋಸ್‌ನಲ್ಲಿಯೇ ಅಕ್ಷರಗಳಿವೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಕನ್ನಡವಾಗಿಯೇ ತೆರೆಯುತ್ತದೆ.

ಮೂರನೆಯದು ಉರ್ದು. ಮಕ್ತಬ್‌ನ ಪಾಠ, ಜಲ್ಸಾದ ಕರಪತ್ರ ಮಾಡುವವರೆಲ್ಲ ಇನ್‌ಪೇಜ್ ಬಳಸುತ್ತಾರೆ. ದೆಹಲಿಯ ಕಂಪೆನಿಯೊಂದು 1994ರಲ್ಲಿ ತಂದ ಈ ತಂತ್ರಾಂಶದಿಂದಲೇ ನಸ್ತಾಲೀಖ್ ಲಿಪಿ ನಮ್ಮ ಮನೆಯ ಕಂಪ್ಯೂಟರಿಗೆ ಬಂತು. ಹಳೆಯ ಇನ್‌ಪೇಜಿನ ಫೈಲು ಇನ್‌ಪೇಜ್ ಇಲ್ಲದೆ ತೆರೆಯುವುದಿಲ್ಲ. ಮುಖ್ಯವಾದವನ್ನು ಪಿಡಿಎಫ್ ಮಾಡಿಯೂ ಇಟ್ಟುಕೊಳ್ಳಿ. ಇನ್ನೊಂದು ಎಚ್ಚರಿಕೆ: 2016ರಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಭದ್ರತಾ ಸಂಸ್ಥೆಯು, ಇನ್‌ಪೇಜ್ ಫೈಲಿನ ವೇಷದಲ್ಲಿ ಇ-ಮೇಲ್ ಮೂಲಕ ಕಂಪ್ಯೂಟರಿನೊಳಗೆ ನುಗ್ಗುವ ದಾಳಿಯನ್ನು ಪತ್ತೆಹಚ್ಚಿ ಪ್ರಕಟಿಸಿತು. ಉರ್ದು ಫೈಲಿಗೆ ಯಾರು ವೈರಸ್ ಹಾಕುತ್ತಾರೆ ಎಂದು ನಾವು ನಿಶ್ಚಿಂತರಾಗಿದ್ದೆವು. ಉರ್ದು ಓದುವವರನ್ನೇ ಗುರಿಯಿಟ್ಟು ಹಾಕಿದ್ದರು. ಗುರುತಿಲ್ಲದವರು ಕಳಿಸಿದ ಫೈಲನ್ನು, ಅದು ಯಾವ ಲಿಪಿಯದ್ದೇ ಇರಲಿ, ತೆರೆಯಬೇಡಿ.

ಈಗ ಅಂಗಡಿಯ ವಿಷಯ. ದುರಸ್ತಿ ಮಾಡುವವರಲ್ಲಿ ಬಹುಪಾಲು ಪ್ರಾಮಾಣಿಕರು, ದಿನಕ್ಕೆ ಹತ್ತಾರು ಯಂತ್ರ ನೋಡುವವರು, ನಿಮ್ಮ ಫೋಟೋ ನೋಡಲು ಅವರಿಗೆ ಪುರುಸೊತ್ತಿಲ್ಲ. ಆದರೆ ನೆರೆಯ ಸಹೋದರಿಯೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ತಮ್ಮ ಕಂಪ್ಯೂಟರು ಸಿದ್ಧವಾಯಿತೇ ಎಂದು ಕೇಳಲು ಹೋದಾಗ, ಕೆಲಸ ಕಲಿಯಲು ಬಂದ ಹುಡುಗನೊಬ್ಬ ಅವರ ಮನೆಯ ಮೆಹಂದಿ ರಾತ್ರಿಯ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದನಂತೆ. ಕೇಳಿದರೆ, “ಫೈಲ್ ಸರಿಯಿದೆಯಾ ಚೆಕ್ ಮಾಡ್ತಿದ್ದೆ” ಎಂದನಂತೆ. ಅವರು ಜಗಳವಾಡಲಿಲ್ಲ, ಯಂತ್ರ ಎತ್ತಿಕೊಂಡು ಬಂದರು. ಆ ಫೋಟೋಗಳ ಪ್ರತಿ ಎಲ್ಲಾದರೂ ಉಳಿದಿದೆಯೋ ಇಲ್ಲವೋ ಎಂಬ ಚಿಂತೆ ಮಾತ್ರ ಅವರನ್ನು ಬಿಟ್ಟಿಲ್ಲ. ಪರ್ದಾ ಪಾಲಿಸುವ ಮನೆಯ ಹೆಣ್ಣುಮಕ್ಕಳ ಚಿತ್ರಗಳು ಅಮಾನತ್ತು. ಆ ಅಮಾನತ್ತನ್ನು, ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದು ಅಂಟಿಸಿ, ಗುರುತಿಲ್ಲದ ಕೌಂಟರಿನ ಮೇಲೆ ಒಂದು ರಾತ್ರಿ ಬಿಟ್ಟು ಬರುವುದು ನಮಗೆ ರೂಢಿಯಾಗಿಬಿಟ್ಟಿದೆ. ಫೋಟೋಗಳನ್ನು ಅಳಿಸಿ ಕೊಟ್ಟರೆ ಸಾಕೆಂದುಕೊಳ್ಳಬೇಡಿ. ಮಾಮೂಲಿ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಪುಸ್ತಕದ ಪರಿವಿಡಿ ಹರಿದಂತೆ. ಪುಟಗಳು ಒಳಗೇ ಇರುತ್ತವೆ, ತಂತ್ರಾಂಶ ಗೊತ್ತಿದ್ದವರು ಹಿಂದಕ್ಕೆ ತರಬಲ್ಲರು. ಅವಸರದ ‘ಕ್ವಿಕ್ ಫಾರ್ಮ್ಯಾಟ್’ ಕೂಡ ಅಷ್ಟೇ.

ಕೆ.ಆರ್. ಪುರದ ಸಹೋದರಿಗೆ ನನ್ನ ಸಲಹೆ ಇಲ್ಲಿಂದ ಹುಟ್ಟುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಡಿಸ್ಕ್ ಎಂಬಲ್ಲಿ ‘ಎಚ್‌ಡಿಡಿ’ ಎಂದಿದೆಯೋ ‘ಎಸ್‌ಎಸ್‌ಡಿ’ ಎಂದಿದೆಯೋ ನೋಡಿ. ಎಚ್‌ಡಿಡಿ ಎಂದಿದ್ದು, ಏನೂ ಮಾಡದೆ ಕುಳಿತಿರುವಾಗಲೂ ಅದು ನೂರಕ್ಕೆ ನೂರು ಕೆಲಸದಲ್ಲಿದ್ದರೆ, ವೈರಸ್ ಇರಲಿ ಬಿಡಲಿ, ಯಂತ್ರ ನಿಧಾನವಾಗಿರುವ ಮುಖ್ಯ ಕಾರಣ ಆ ತಿರುಗುವ ತಟ್ಟೆಯೇ. ಅದನ್ನು ಫಾರ್ಮ್ಯಾಟ್ ಮಾಡಿಸಿದರೆ ಒಂದೆರಡು ತಿಂಗಳು ಚುರುಕಾಗಿರುತ್ತದೆ, ಆಮೇಲೆ ಮತ್ತೆ ಹಳೆಯ ಕಥೆ. ಬದಲಿಗೆ ಒಂದು ಎಸ್‌ಎಸ್‌ಡಿ ಕೊಳ್ಳಿ. ಹಳೆಯ ಡಿಸ್ಕನ್ನು ಹೊರತೆಗೆಸಿ, ಎಸ್‌ಎಸ್‌ಡಿಯ ಮೇಲೆ ವಿಂಡೋಸ್ ಹಾಕಿಸಿ. ಹಳೆಯ ಡಿಸ್ಕು ನಿಮ್ಮ ಪರ್ಸಿನಲ್ಲಿ ಮನೆಗೆ ಬರಲಿ. ಯುಎಸ್‌ಬಿ ಡಬ್ಬಿಯೊಂದರಲ್ಲಿ ಅದನ್ನು ಹಾಕಿದರೆ ಅದೇ ಹೊರಗಿನ ಡಿಸ್ಕಾಗುತ್ತದೆ. ನಿಕಾಹ್, ಟ್ಯಾಲಿ, ಅತ್ತೆಯವರ ಧ್ವನಿ ಎಲ್ಲ ಇದ್ದಲ್ಲಿಯೇ ಇರುತ್ತವೆ. ನಿಧಾನವಾಗಿ ಕುಳಿತು ಬೇಕಾದ್ದನ್ನು ಪ್ರತಿ ಮಾಡಿಕೊಳ್ಳಬಹುದು. ಎಸ್‌.ಪಿ. ರೋಡಿನ ಯಾವ ಅಂಗಡಿಯಲ್ಲಿಯೂ ಈ ಎರಡು ವಸ್ತುಗಳು ಸಿಗುತ್ತವೆ. ಹೀಗೆ ಮಾಡಿದರೆ ಏನನ್ನೂ ಅಳಿಸಬೇಕಾಗಿಲ್ಲ, ಯಾರ ಕೈಗೂ ಫೋಟೋ ಕೊಡಬೇಕಾಗಿಲ್ಲ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಮಾತ್ರ ತಡಮಾಡಬೇಡಿ, ಅಂದೇ ಪ್ರತಿ ಮಾಡಿಕೊಳ್ಳಿ.

ವಿಂಡೋಸ್ ತೆರೆಯುವುದೇ ಇಲ್ಲವೆಂದರೆ? ಆಗಲೂ ದಾರಿಯಿದೆ. ಉಬುಂಟು ಅಥವಾ ಮಿಂಟ್ ಎಂಬ ಉಚಿತ ಲಿನಕ್ಸನ್ನು ಪೆನ್ ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಬಹುದು. ‘ಟ್ರೈ’ ಎಂಬುದನ್ನು ಆರಿಸಿದರೆ ಅದು ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ನಿಮ್ಮ ಫೋಲ್ಡರುಗಳನ್ನು ತೋರಿಸುತ್ತದೆ. ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಕೊಂಡು ಆಮೇಲೆ ಧೈರ್ಯವಾಗಿ ಫಾರ್ಮ್ಯಾಟ್‌ಗೆ ಕೈಹಾಕಿ. “ಆನ್ ಆಗಲ್ಲ, ಡೇಟಾ ಹೋಯಿತು” ಎಂದು ಯಾರಾದರೂ ಹೇಳಿದರೆ ಈ ಪೆನ್ ಡ್ರೈವ್ ಹಾಕಿ ನೋಡುವವರೆಗೆ ನಂಬಬೇಡಿ.

ಹೊಸ ಲ್ಯಾಪ್‌ಟಾಪುಗಳವರಿಗೆ ಒಂದು ತೊಡಕು ಹೇಳಲೇಬೇಕು. ಈಚಿನ ವಿಂಡೋಸ್ 11 ಅನೇಕ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದಾಗ, ನಿಮ್ಮನ್ನು ಕೇಳದೆಯೇ ಡಿಸ್ಕಿಗೆ ಬೀಗ ಹಾಕಿರುತ್ತದೆ. ಕಳ್ಳನ ಕೈಗೆ ಲ್ಯಾಪ್‌ಟಾಪ್ ಸಿಕ್ಕರೂ ಫೋಟೋ ಕಾಣದಿರಲಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ಸಿ ಡ್ರೈವ್‌ಗೆ ಹೊಸ ವಿಂಡೋಸ್ ಹಾಕಿದ ಮೇಲೆ ಡಿ ಡ್ರೈವ್ 48 ಅಂಕಿಗಳ ಬೀಗದ ಸಂಖ್ಯೆ ಕೇಳುತ್ತದೆ. ಡಿಸ್ಕನ್ನು ತೆಗೆದು ಡಬ್ಬಿಗೆ ಹಾಕಿದಾಗಲೂ, ಲಿನಕ್ಸ್‌ನಿಂದ ನೋಡಿದಾಗಲೂ ಅಷ್ಟೇ. ಆ ಸಂಖ್ಯೆ ಮೈಕ್ರೋಸಾಫ್ಟ್ ಖಾತೆಯೊಳಗೆ ‘ರಿಕವರಿ ಕೀ’ ಎಂಬ ಹೆಸರಿನಲ್ಲಿರುತ್ತದೆ. ಖಾತೆ ಯಾರದ್ದೆಂಬುದೇ ಮರೆತಿದ್ದರೆ, ಕೊಳ್ಳುವಾಗ ಸೋದರಳಿಯನ ಇ-ಮೇಲ್ ಕೊಟ್ಟು ತೆರೆದದ್ದು ಎಂದಾದರೆ, ಸ್ವಂತ ಮನೆಯ ಬೀಗದ ಕೈ ಊರವರಲ್ಲಿದ್ದಂತೆ. ಇಂದೇ ನೋಡಿ ಬರೆದಿಟ್ಟುಕೊಳ್ಳಿ.

ಹೊಸದಾಗಿ ವಿಂಡೋಸ್ ಹಾಕುವ ಕೆಲಸ ಜನ ಹೆದರುವಷ್ಟು ಕಷ್ಟದ್ದಲ್ಲ. ಮೈಕ್ರೋಸಾಫ್ಟಿನ ತಾಣದಿಂದಲೇ ಉಚಿತವಾಗಿ ಇಳಿಸಿಕೊಂಡು 8 ಜಿಬಿಯ ಖಾಲಿ ಪೆನ್ ಡ್ರೈವ್‌ಗೆ ತುಂಬಬಹುದು. ಎಕ್ಸ್‌ಪಿಯ ಕಾಲದಲ್ಲಿ ಡಬ್ಬಿಯ ಹಿಂದೆ ಅಂಟಿಸಿದ 25 ಅಕ್ಷರಗಳ ಚೀಟಿ ಕಳೆದರೆ ಗತಿಯಿರಲಿಲ್ಲ. ವಿಂಡೋಸ್ 8ರ ನಂತರದ ಕಂಪೆನಿ ಲ್ಯಾಪ್‌ಟಾಪುಗಳಲ್ಲಿ ಪರವಾನಗಿ ಯಂತ್ರದ ಒಳಗೇ ಅಡಗಿರುತ್ತದೆ. ಅದೇ ಬಗೆಯ ವಿಂಡೋಸ್ ಮತ್ತೆ ಹಾಕಿದರೆ ತಾನೇ ಗುರುತಿಸಿಕೊಳ್ಳುತ್ತದೆ. ಪೆನ್ ಡ್ರೈವ್ ಕೂಡ ಬೇಡವೆಂದರೆ ವಿಂಡೋಸ್ 10, 11ರ ‘ಸೆಟಿಂಗ್ಸ್’ನಲ್ಲಿ ‘ರಿಸೆಟ್ ದಿಸ್ ಪಿಸಿ’ ಎಂಬುದಿದೆ. ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೆ ಫೈಲುಗಳು ಉಳಿದು ತಂತ್ರಾಂಶಗಳು ಮಾತ್ರ ಹೋಗುತ್ತವೆ. ಯಂತ್ರವನ್ನು ಮಾರುವಾಗ ‘ರಿಮೂವ್ ಎವೆರಿಥಿಂಗ್’ ಆರಿಸಿ, ಡ್ರೈವ್ ಪೂರ್ತಿ ಶುಚಿಗೊಳಿಸುವ ಆಯ್ಕೆಯನ್ನೂ ಒತ್ತಿ. ಗಂಟೆಗಟ್ಟಲೆ ಹಿಡಿದರೂ ಚಿಂತೆಯಿಲ್ಲ. ಏನೇ ಮಾಡುವಾಗಲೂ ಚಾರ್ಜರ್ ಸಿಕ್ಕಿಸಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಬೆಸ್ಕಾಂನವರು ನಮ್ಮನ್ನು ಕೇಳಿ ಕರೆಂಟ್ ತೆಗೆಯುವುದಿಲ್ಲ.

ಕಳ್ಳಪ್ರತಿಯ ವಿಂಡೋಸ್ ಬಗ್ಗೆ ಓದುಗರು ಆಗಾಗ ಕೇಳುತ್ತಾರೆ. ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿ ಫಿಖ್ಹ್ ಅಕಾಡೆಮಿಯು 1988ರಲ್ಲಿ ಕುವೈತಿನಲ್ಲಿ ಸೇರಿದಾಗ, ಕೃತಿ ರಚನೆ, ಆವಿಷ್ಕಾರಗಳ ಹಕ್ಕು ಶರೀಅತ್‌ನ ದೃಷ್ಟಿಯಲ್ಲಿ ರಕ್ಷಣೆಗೆ ಅರ್ಹ, ಅದನ್ನು ಅತಿಕ್ರಮಿಸುವಂತಿಲ್ಲ ಎಂದು ನಿರ್ಣಯಿಸಿತು. ಇನ್ನು ಯಂತ್ರದ ದೃಷ್ಟಿಯಿಂದ ನೋಡಿದರೂ ‘ಕ್ರ್ಯಾಕ್’ ಎಂಬುದನ್ನು ಓಡಿಸಲು ಮೊದಲು ಆಂಟಿವೈರಸ್ ನಿಲ್ಲಿಸಲು ಹೇಳುತ್ತಾರೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆ ಎಂದಂತೆ. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಅಂಗಡಿಯಿಂದಲೇ ವೈರಸ್ ಕೂಡ ತಂದ ಮನೆಗಳಿವೆ.

ಹಣವಿಲ್ಲದವರಿಗೆ ಲಿನಕ್ಸ್ ಇದೆ; ಅದು ಉಚಿತ, ಪ್ರತಿ ಮಾಡಿ ಹಂಚಲೂ ಅನುಮತಿಯಿದೆ. ಬನ್ನೇರುಘಟ್ಟ ರಸ್ತೆಯ ಬಳಿ ಗುರಪ್ಪನಪಾಳ್ಯದ ಸುದರ್ಶನ ಲೇಔಟಿನಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದ ಬಡ ಮಕ್ಕಳು ಕಂಪ್ಯೂಟರ್ ಕಲಿತದ್ದು ಅದರಲ್ಲಿಯೇ. ಈಗ ಇದರ ಅಗತ್ಯ ಹೆಚ್ಚಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಅದು ಪ್ರಕಟಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸುಮಾರಾಗಿ 8ನೇ ಪೀಳಿಗೆಯ ಪ್ರೊಸೆಸರ್ ಇರಬೇಕು. ಕಂಪೆನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಮಕ್ಕಳಿಗೆಂದು ಕೊಳ್ಳುವವರು ಇದನ್ನು ಕೇಳಿಯೇ ದುಡ್ಡು ಕೊಡಿ. ಮನೆಗೆ ತಂದ ಕೂಡಲೇ, ಅದರೊಳಗೆ ಏನು ತುಂಬಿದ್ದಾರೆಂದು ಗೊತ್ತಿಲ್ಲದ ವಿಂಡೋಸನ್ನು ಅಳಿಸಿ ನೀವೇ ಹೊಸದು ಹಾಕಿ. ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡ. 2017ರ ಮೇ ತಿಂಗಳಲ್ಲಿ ಲೋಕದ ಆಸ್ಪತ್ರೆ, ಕಚೇರಿಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ನೆನಪಿದೆಯೇ? ಅದಕ್ಕೆ ಮದ್ದು ಆ ಮಾರ್ಚಿನಲ್ಲಿಯೇ ಬಂದಿತ್ತು. ಅಪ್‌ಡೇಟ್ ಹಾಕದವರು ಸಿಕ್ಕಿಬಿದ್ದರು.

ಸ್ವಚ್ಛವಾದ ವಿಂಡೋಸ್ ಸ್ವಚ್ಛವಾಗಿಯೇ ಉಳಿಯಬೇಕಾದರೆ ಒಂದು ಕೆಲಸ ಮಾಡಿ: ಎರಡು ಖಾತೆ ತೆರೆಯಿರಿ. ಒಂದು ‘ಅಡ್ಮಿನಿಸ್ಟ್ರೇಟರ್’, ಅದರ ಪಾಸ್‌ವರ್ಡ್ ಮನೆಯೊಡತಿಯಲ್ಲಿ ಮಾತ್ರ. ಇನ್ನೊಂದು ‘ಸ್ಟ್ಯಾಂಡರ್ಡ್’, ಮಕ್ಕಳಿಗೂ ನಿಮ್ಮ ದಿನನಿತ್ಯದ ಬಳಕೆಗೂ. ಆಗ ಮಗ ಆಟದ ಹೆಸರಿನಲ್ಲಿ ಏನನ್ನೋ ಇಳಿಸಿ ಹಾಕಹೊರಟರೆ ಪಾಸ್‌ವರ್ಡ್ ಕೇಳುತ್ತದೆ, ಅಡುಗೆಮನೆಗೆ ಬಂದು “ಅಮ್ಮಿ, ಸ್ವಲ್ಪ ಬನ್ನಿ” ಎನ್ನಬೇಕಾಗುತ್ತದೆ. ನಾನು ಕಂಡಂತೆ ಹಣಕೊಟ್ಟು ತಂದ ಯಾವ ಆಂಟಿವೈರಸ್‌ಗಿಂತಲೂ ಇದರಿಂದ ಹೆಚ್ಚು ಉಪಕಾರವಾಗಿದೆ. ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ಮನೆಗೆ ಸಾಕು. ಕಂಪ್ಯೂಟರ್ ತೊಳೆದು ಚುರುಕು ಮಾಡುತ್ತೇವೆಂದು ಜಾಹೀರಾತಿನಲ್ಲಿ ಕುಣಿಯುವ ‘ಕ್ಲೀನರ್’ಗಳನ್ನು ಹತ್ತಿರ ಸೇರಿಸಬೇಡಿ, ಅವೇ ಮೊದಲ ಕಸ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್ ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ. ಸಿಕ್ಕಿಸಿದೊಡನೆ ತಾನೇ ಓಡುವ ವೈರಸ್‌ಗಳನ್ನು 2011ರ ಅಪ್‌ಡೇಟ್ ಬಹುಮಟ್ಟಿಗೆ ತಡೆಯಿತಾದರೂ, ಫೋಲ್ಡರಿನ ಚಿತ್ರ ಹೊತ್ತು ಕುಳಿತ ವೈರಸನ್ನು ನಾವೇ ಕ್ಲಿಕ್ ಮಾಡಿದರೆ ಯಾವ ಅಪ್‌ಡೇಟೂ ಕಾಯದು.

ಕೊನೆಗೆ, ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಅದರಲ್ಲಿ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ, ಮೈಕ್ರೋಸಾಫ್ಟ್ ಖಾತೆಯ ಇ-ಮೇಲ್, 48 ಅಂಕಿಗಳ ಆ ಸಂಖ್ಯೆ, ಟ್ಯಾಲಿಯ ಸೀರಿಯಲ್ ನಂಬರ್, ಮತ್ತೆ ಹಾಕಿಕೊಳ್ಳಬೇಕಾದ ತಂತ್ರಾಂಶಗಳ ಹೆಸರು, ಪ್ರಿಂಟರಿನ ಹೆಸರು, ಕೊನೆಯ ಸಲ ಪ್ರತಿ ಮಾಡಿದ ತಾರೀಕು ಇಷ್ಟನ್ನು ಬರೆಯಿರಿ. ಪಾಸ್‌ವರ್ಡನ್ನು ಬೇರೆ ಕಡೆ ಬರೆದಿಡಿ. ನೋಟ್‌ಬುಕ್ಕನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಇಡಬೇಡಿ, ಅಂಗಡಿಗೂ ಕಳಿಸಬೇಡಿ. ರೇಷನ್ ಕಾರ್ಡು, ನಿಕಾಹ್‌ನಾಮಾ ಇರುವ ಕಪಾಟಿನಲ್ಲಿಯೇ ಅದಕ್ಕೂ ಜಾಗ ಮಾಡಿ.